128ರ ಹಾಡನ್ನು 320 ಮಾಡಿದರೆ ಗುಣಮಟ್ಟ ಹೆಚ್ಚುತ್ತದೆಯೇ?

ಯಾವುದಾದರೂ ಹಳೆಯ ಚಿತ್ರಗೀತೆಯನ್ನು ಅಂತರಜಾಲದಲ್ಲಿ ಹುಡುಕಿದರೆ ಒಂದೇ ಹಾಡಿನ ಕೆಳಗೆ ಮೂರು ನಾಲ್ಕು ಗುಂಡಿಗಳು ಕಾಣಿಸುತ್ತವೆ: '128 ಕೆಬಿಪಿಎಸ್', '320 ಕೆಬಿಪಿಎಸ್', 'ಎಚ್‌ಡಿ', 'ಲಾಸ್‌ಲೆಸ್'. ಸಂಖ್ಯೆ ದೊಡ್ಡದಾದಷ್ಟೂ ಹಾಡು ಚೆನ್ನಾಗಿ ಕೇಳಿಸುತ್ತದೆ ಎಂಬ ನಂಬಿಕೆಯಿಂದ ಹೆಚ್ಚಿನವರು ದೊಡ್ಡದನ್ನೇ ಒತ್ತುತ್ತಾರೆ. ಫೋನಿನಲ್ಲಿ ಈಗಾಗಲೇ ಇರುವ 128ರ ಹಾಡುಗಳನ್ನು 320ಕ್ಕೆ ಏರಿಸಿ ಕೊಡುತ್ತೇವೆ ಎನ್ನುವ ಆಪ್‌ಗಳೂ ಇವೆ.

ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜವಿದೆ. ಉಳಿದರ್ಧವನ್ನು ತಿಳಿಯದೆ ಹಾಡುಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುತ್ತಾ ಹೋದರೆ ಫೋನಿನ ಜಾಗ ತುಂಬುವುದು ಸಣ್ಣ ನಷ್ಟ. ಅಜ್ಜಿ ಹಾಡಿದ ಸೋಬಾನೆ ಪದ, ಊರಿನಲ್ಲಿ ನಡೆದ ತಾಳಮದ್ದಳೆ ಮುಂತಾಗಿ ಜಗತ್ತಿನಲ್ಲಿ ಒಂದೇ ಪ್ರತಿ ಇರುವ ಧ್ವನಿಮುದ್ರಣ ನಮ್ಮ ಕೈಯಲ್ಲಿದ್ದರೆ ಅದು ಶಾಶ್ವತವಾಗಿ ಕೆಡಬಹುದು. ಹಾಗಾಗಿ ಈ ಸಂಖ್ಯೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ನೋಡೋಣ.

ಸದ್ದು ಸಂಖ್ಯೆಯಾಗುವುದು ಹೇಗೆ?

ಸದ್ದು ಎಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಮೈಕ್ ಅದನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ. ಕಂಪ್ಯೂಟರಿಗೆ ಅರ್ಥವಾಗುವುದು ಸಂಖ್ಯೆ ಮಾತ್ರ. ಆದ್ದರಿಂದ ಆಸ್ಪತ್ರೆಯಲ್ಲಿ ರೋಗಿಯ ಜ್ವರವನ್ನು ಗಂಟೆಗೊಮ್ಮೆ ನೋಡಿ ಚಾರ್ಟಿನಲ್ಲಿ ಬರೆಯುವ ಹಾಗೆ, ಈ ಏರಿಳಿತವನ್ನೂ ಗೊತ್ತಾದ ಅಂತರದಲ್ಲಿ ಅಳೆದು ಬರೆದಿಡಬೇಕು.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗಾಗಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಒಪ್ಪಿಕೊಂಡ ಲೆಕ್ಕ ಹೀಗಿದೆ: ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 16 ಬಿಟ್. 16 ಬಿಟ್ ಎಂದರೆ 65,536 ಮೆಟ್ಟಿಲುಗಳಿರುವ ಅಳತೆಗೋಲು ಎಂದುಕೊಳ್ಳಬಹುದು. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಾದ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರವನ್ನು ಅದು ಹಿಡಿದಿಡಬಲ್ಲದು.

44,100 ಎಂಬ ಸಂಖ್ಯೆ ಏಕೆ? ಆರೋಗ್ಯವಂತ ಎಳೆಯ ಕಿವಿಗೆ ಕೇಳಿಸುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳು. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆದರೆ ಸಾಕು ಎಂದು ಗಣಿತ ಹೇಳುತ್ತದೆ. ಇದನ್ನು ನೈಕ್ವಿಸ್ಟ್–ಶಾನನ್ ಪ್ರಮೇಯ ಎನ್ನುತ್ತಾರೆ. 44,100ರ ಅರ್ಧ 22,050. ಅಂದರೆ ಮನುಷ್ಯರ ಕಿವಿಯ ಮಿತಿ ದಾಟಿ ಸ್ವಲ್ಪ ಜಾಗ ಉಳಿಯುತ್ತದೆ. ವಯಸ್ಸಾದಂತೆ ನಮ್ಮ ಕಿವಿಯ ಮೇಲ್ಮಿತಿ ಇನ್ನೂ ಕೆಳಗಿಳಿಯುತ್ತದೆ.

ಈಗ ಗುಣಿಸೋಣ. 44,100 ಅಳತೆ, 16 ಬಿಟ್, ಎಡ ಬಲ ಎಂದು ಎರಡು ಚಾನೆಲ್. ಒಟ್ಟು ಸೆಕೆಂಡಿಗೆ 14,11,200 ಬಿಟ್, ಅಂದರೆ ಸುಮಾರು 1,411 ಕಿಲೋಬಿಟ್. ಗುಂಡಿಗಳ ಮೇಲೆ ಕಾಣುವ 'ಕೆಬಿಪಿಎಸ್' ಇದೇ: ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಕಿಲೋಬಿಟ್ ಮಾಹಿತಿ ಖರ್ಚಾಗಿದೆ ಎಂಬ ಲೆಕ್ಕ. ಇದನ್ನು ಬಿಟ್‌ರೇಟ್ ಎನ್ನುತ್ತೇವೆ. ಈ ಲೆಕ್ಕದಲ್ಲಿ ನಾಲ್ಕು ನಿಮಿಷದ ಒಂದು ಹಾಡಿಗೆ 42 ಎಂಬಿಗೂ ಹೆಚ್ಚು ಜಾಗ ಬೇಕು. ಕಂಪ್ಯೂಟರಿನಲ್ಲಿ 'ವೇವ್' ಎಂಬ ಹೆಸರಿನ ಕಡತದಲ್ಲಿರುವುದು ಸಾಮಾನ್ಯವಾಗಿ ಹೀಗೆ ಏನನ್ನೂ ಕಡಿಮೆ ಮಾಡದ ಸದ್ದು.

42 ಎಂಬಿ ಹಾಡು 4 ಎಂಬಿ ಆಗುವ ಬಗೆ

ಅದೇ ಹಾಡು 128 ಕೆಬಿಪಿಎಸ್ ಎಂಪಿ3 ಆದರೆ 4 ಎಂಬಿಗೂ ಕಡಿಮೆ, 320 ಆದರೆ ಸುಮಾರು 9.6 ಎಂಬಿ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಮಿಕ್ಸಿ ತಿರುಗುತ್ತಿರುವಾಗ ಅಡುಗೆಮನೆಯ ಗಡಿಯಾರದ ಟಿಕ್ ಟಿಕ್ ಕೇಳಿಸುವುದಿಲ್ಲ. ಗಡಿಯಾರ ನಿಂತಿಲ್ಲ, ಅದರ ಸದ್ದೂ ಕಿವಿಯವರೆಗೆ ಬರುತ್ತಿದೆ. ಆದರೆ ಜೋರಾದ ಸದ್ದು ಮೆಲ್ಲನೆಯದನ್ನು ಮುಚ್ಚಿಹಾಕಿದೆ. ಎರಡರ ಕಂಪನಗಳು ಹತ್ತಿರ ಹತ್ತಿರ ಇದ್ದಷ್ಟೂ ಈ ಮುಚ್ಚುವಿಕೆ ಹೆಚ್ಚು. ಒಂದು ಜೋರಾದ ಪೆಟ್ಟಿನ ನಂತರವೂ ಕ್ಷಣಕಾಲ ಅದರ ಪರಿಣಾಮ ಇರುತ್ತದೆ.

ಎಂಪಿ3 ತಂತ್ರ ನಿಂತಿರುವುದು ಇದರ ಮೇಲೆ. ಅದು ಹಾಡನ್ನು ಪುಟ್ಟ ಪುಟ್ಟ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ಯಾವ ಸದ್ದು ಕಿವಿಗೆ ಮುಖ್ಯ, ಯಾವುದು ಇನ್ನೊಂದರ ನೆರಳಿನಲ್ಲಿ ಅಡಗಿದೆ ಎಂದು ಲೆಕ್ಕ ಹಾಕುತ್ತದೆ. ಮುಖ್ಯವಾದದ್ದಕ್ಕೆ ಹೆಚ್ಚು ಬಿಟ್ ಕೊಡುತ್ತದೆ. ಅಡಗಿದ್ದನ್ನು ಒರಟಾಗಿ ಬರೆಯುತ್ತದೆ, ಇಲ್ಲವೇ ಬಿಟ್ಟೇಬಿಡುತ್ತದೆ.

ಜರ್ಮನಿಯ ಎರ್ಲಾಂಗೆನ್‌ನ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡನ್‌ಬರ್ಗ್ ಮತ್ತು ಸಂಗಡಿಗರು ಇದನ್ನು ರೂಪಿಸುತ್ತಿದ್ದಾಗ, ವಾದ್ಯವೇ ಇಲ್ಲದೆ ಸುಸಾನ್ ವೇಗಾ ಹಾಡಿದ್ದ 'ಟಾಮ್ಸ್ ಡೈನರ್' ಎಂಬ ಹಾಡು ಅವರಿಗೆ ದೊಡ್ಡ ಪರೀಕ್ಷೆಯಾಯಿತು. ವಾದ್ಯಗಳ ಗದ್ದಲವಿದ್ದರೆ ದೋಷಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಒಂಟಿ ದನಿಯಲ್ಲಿ ಅಡಗಲು ಜಾಗವಿಲ್ಲ. ಆ ಹಾಡನ್ನು ಮತ್ತೆ ಮತ್ತೆ ಕೇಳಿ ತಂತ್ರವನ್ನು ತಿದ್ದಿದರು. '.ಎಂಪಿ3' ಎಂಬ ಕಡತದ ಹೆಸರು ನಿಶ್ಚಯವಾದದ್ದು 1995ರ ಜುಲೈಯಲ್ಲಿ.

ಬಿಟ್‌ರೇಟ್ ಕಡಿಮೆಯಾದರೆ ಈ ತಂತ್ರ ಬೇಡದ್ದನ್ನಷ್ಟೇ ಅಲ್ಲ, ಬೇಕಾದದ್ದನ್ನೂ ಬಿಡಬೇಕಾಗುತ್ತದೆ. ಆಗ ತಾಳದ ಝಣಝಣ ನೀರಿನಲ್ಲಿ ಮುಳುಗಿದಂತೆ ಕೇಳುತ್ತದೆ, ಚಪ್ಪಾಳೆ ಹುರಿಯುವ ಸದ್ದಿನಂತಾಗುತ್ತದೆ, ಘಟ ಅಥವಾ ಖಂಜಿರದ ಚುರುಕಾದ ಪೆಟ್ಟಿನ ಅಂಚು ಮಸುಕಾಗುತ್ತದೆ. ಮೂಲ ಸಿ.ಡಿ.ಯಿಂದಲೇ ನೇರವಾಗಿ ಮಾಡಿದ್ದಾದರೆ 128ಕ್ಕಿಂತ 320 ಖಂಡಿತ ಮೇಲು. ನಾವು ಮೊದಲು ಹೇಳಿದ ಅರ್ಧ ನಿಜ ಇದು.

ಹೋದದ್ದು ಮರಳಿ ಬರುವುದಿಲ್ಲ

ಈಗ ಉಳಿದರ್ಧ. 128ರ ಕಡತವನ್ನು ಆಪ್‌ಗೆ ಕೊಟ್ಟು 320 ಮಾಡಿಸಿದರೆ ಏನಾಗುತ್ತದೆ? ಬಿಟ್ಟುಹೋದ ಸದ್ದು ಆ ಕಡತದಲ್ಲಿ ಎಲ್ಲೂ ಇಲ್ಲ. ಇಲ್ಲದ್ದನ್ನು ಆಪ್ ತರುವುದಾದರೂ ಎಲ್ಲಿಂದ? ಅದು ಮಾಡುವುದು ಇಷ್ಟೇ: ಉಳಿದಿರುವ ಸದ್ದನ್ನು ಬಿಚ್ಚಿ, ಮತ್ತೆ ಹೆಚ್ಚು ಬಿಟ್ ಖರ್ಚು ಮಾಡಿ ಬರೆಯುತ್ತದೆ. ಅರ್ಧ ಲೋಟ ಕಾಫಿಗೆ ನೀರು ಬೆರೆಸಿ ಲೋಟ ತುಂಬಿಸಿದ ಹಾಗೆ. ಲೋಟ ತುಂಬಿತು, ಡಿಕಾಕ್ಷನ್ ಹೆಚ್ಚಲಿಲ್ಲ.

ಹೆಚ್ಚದಿರುವುದಷ್ಟೇ ಅಲ್ಲ, ಸ್ವಲ್ಪ ಕೆಡುತ್ತದೆ ಕೂಡ. ಪ್ರತಿ ಸಲ ಎಂಪಿ3 ಮಾಡುವಾಗಲೂ 'ಯಾವುದನ್ನು ಬಿಡಲಿ' ಎಂಬ ಲೆಕ್ಕ ಹೊಸದಾಗಿ ನಡೆಯುತ್ತದೆ. ಹಿಂದಿನ ಸಲದ ದೋಷದ ಮೇಲೆ ಹೊಸ ದೋಷ ಕೂಡುತ್ತದೆ. ಜೆರಾಕ್ಸ್ ಪ್ರತಿಯನ್ನು ಜೆರಾಕ್ಸ್ ಮಾಡಿಸಿ, ಅದನ್ನು ಮತ್ತೆ ಜೆರಾಕ್ಸ್ ಮಾಡಿಸಿದರೆ ಅಕ್ಷರ ಮಸುಕಾಗುತ್ತಾ ಹೋಗುವುದು ಹೀಗೆಯೇ. ಆದರೆ ಕಡತವನ್ನು ಇದ್ದ ಹಾಗೇ ಕಾಪಿ ಮಾಡುವುದರಿಂದ ಏನೂ ಕೆಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಸಾವಿರ ಸಲ ಕಾಪಿ ಮಾಡಿದರೂ ಹಾಡು ಅದೇ. ಕೆಡುವುದು ರೂಪ ಬದಲಿಸಿದಾಗ.

ಯೂಟ್ಯೂಬ್ ವಿಡಿಯೊದಿಂದ '320 ಎಂಪಿ3' ತೆಗೆದುಕೊಡುತ್ತೇವೆ ಎನ್ನುವ ತಾಣಗಳ ಮಾತನ್ನೂ ಈ ಬೆಳಕಿನಲ್ಲಿ ನೋಡಬಹುದು. ಯೂಟ್ಯೂಬಿನಲ್ಲಿ ಸಾಮಾನ್ಯ ವಿಡಿಯೊಗಳ ಧ್ವನಿ ಎಎಸಿ ಅಥವಾ ಓಪಸ್ ಎಂಬ ರೂಪದಲ್ಲಿ, ಸುಮಾರು 128ರಿಂದ 160 ಕೆಬಿಪಿಎಸ್ ಆಸುಪಾಸಿನಲ್ಲಿ ಇರುತ್ತದೆ. ಅದರಿಂದ ಮಾಡಿದ 320ರ ಎಂಪಿ3 ಎರಡು ಸಲ ಕತ್ತರಿಗೆ ಸಿಕ್ಕಿದ ಹಾಡು. ಸಂಖ್ಯೆ ಮಾತ್ರ ದೊಡ್ಡದು.

ಬೇರೆ ಬೇರೆ ರೂಪಗಳ ನಡುವೆಯೂ ಬರೀ ಸಂಖ್ಯೆಯನ್ನು ಹೋಲಿಸಲು ಬರುವುದಿಲ್ಲ. ಎಎಸಿ 1997ರಲ್ಲೂ ಓಪಸ್ 2012ರಲ್ಲೂ ಮಾನಕವಾದವು. ಎಂಪಿ3ಗಿಂತ ಹೊಸವಾದ್ದರಿಂದ ಕಡಿಮೆ ಬಿಟ್‌ಗಳಲ್ಲಿ ಹೆಚ್ಚು ಸದ್ದನ್ನು ಉಳಿಸುತ್ತವೆ. 128ರ ಒಳ್ಳೆಯ ಎಎಸಿ ಕಡತ 128ರ ಎಂಪಿ3ಗಿಂತ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

'ಲಾಸ್‌ಲೆಸ್' ಎಂದರೇನು?

ಸದ್ದನ್ನು ಬಿಡದೆಯೂ ಕಡತವನ್ನು ಸಣ್ಣದು ಮಾಡಬಹುದು. ರಜಾಯಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರೆ ಕಡಿಮೆ ಜಾಗ ಸಾಕು; ಬಿಚ್ಚಿದಾಗ ಅದೇ ರಜಾಯಿ. ಸಂಖ್ಯೆಗಳಲ್ಲಿ ಮರುಕಳಿಸುವ ವಿನ್ಯಾಸವನ್ನು ಹುಡುಕಿ ಚಿಕ್ಕದಾಗಿ ಬರೆಯುವ ಈ ಬಗೆಗೆ ಲಾಸ್‌ಲೆಸ್, ಅಂದರೆ ನಷ್ಟವಿಲ್ಲದ್ದು ಎಂದು ಹೆಸರು. 2001ರಲ್ಲಿ ಬಂದ ಫ್ಲಾಕ್ ಇವುಗಳಲ್ಲಿ ಹೆಸರುವಾಸಿ ಮತ್ತು ಎಲ್ಲರಿಗೂ ಮುಕ್ತ. ಆಪಲ್ ಸಂಸ್ಥೆಯ ಆಲಾಕ್ ಇನ್ನೊಂದು. ಫ್ಲಾಕ್ ಮಾಡಿದ ಹಾಡು ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲು ಭಾಗದಷ್ಟಿರುತ್ತದೆ. ಬಿಚ್ಚಿದರೆ ಒಂದು ಬಿಟ್ ಕೂಡ ವ್ಯತ್ಯಾಸವಿರುವುದಿಲ್ಲ.

ಆದರೆ ಇಲ್ಲೂ ಅದೇ ಎಚ್ಚರ ಬೇಕು. 128ರ ಎಂಪಿ3ಯನ್ನು ಫ್ಲಾಕ್ ಮಾಡಿದರೆ ಸಿಗುವುದು ನಷ್ಟವಾದ ಹಾಡಿನ ನಷ್ಟವಿಲ್ಲದ ಪ್ರತಿ. ಕಡತದ ಹೆಸರು ಅದರ ಈಗಿನ ಅಂಗಿಯನ್ನು ಹೇಳುತ್ತದೆ, ಹಿಂದಿನ ಇತಿಹಾಸವನ್ನಲ್ಲ.

ಅನುಮಾನವಿದ್ದರೆ ನೋಡುವ ಒಂದು ದಾರಿಯಿದೆ. ಆಡಾಸಿಟಿ, ಸ್ಪೆಕ್‌ನಂಥ ಉಚಿತ ತಂತ್ರಾಂಶಗಳು ಹಾಡಿನ ಕಂಪನಗಳ ಚಿತ್ರವನ್ನು ತೋರಿಸುತ್ತವೆ. 128ರ ಎಂಪಿ3ಗಳಲ್ಲಿ ಹೆಚ್ಚಾಗಿ 16,000 ಹರ್ಟ್ಸ್ ಆಸುಪಾಸಿನ ಮೇಲಿನ ಭಾಗವನ್ನು ಕತ್ತರಿಸಿರುತ್ತಾರೆ. '320' ಅಥವಾ 'ಲಾಸ್‌ಲೆಸ್' ಎಂದು ಹೇಳಿಕೊಳ್ಳುವ ಹೊಸ ಹಾಡಿನ ಚಿತ್ರದಲ್ಲಿ ಅಲ್ಲಿ ಚಾಕುವಿನಿಂದ ಕೊಯ್ದಂತೆ ಗೆರೆ ಕಂಡರೆ ಅದು ಏರಿಸಿದ ಮಾಲು ಇರಬಹುದು. ಕ್ಯಾಸೆಟ್ಟಿನಿಂದಲೋ 78 ಆರ್‌ಪಿಎಮ್ ತಟ್ಟೆಯಿಂದಲೋ ಬಂದ ಹಳೆಯ ಹಾಡುಗಳಲ್ಲಿ ಆ ಎತ್ತರದ ಕಂಪನಗಳು ಮೂಲದಲ್ಲೇ ತೀರ ಕಡಿಮೆ, ಆದ್ದರಿಂದ ಅವುಗಳಿಗೆ ಈ ಪರೀಕ್ಷೆ ಸಲ್ಲದು. ಅಂಥ ಹಾಡಿಗೆ 'ಎಚ್‌ಡಿ' ಎಂದು ಚೀಟಿ ಅಂಟಿಸಿದರೂ ಮೂಲದಲ್ಲಿ ಇಲ್ಲದ್ದು ಬರುವುದಿಲ್ಲ.

24 ಬಿಟ್, 192 ಕಿಲೋಹರ್ಟ್ಸ್: ಇನ್ನೂ ಮೇಲೆ ಹೋಗಬೇಕೇ?

ಸಿ.ಡಿ.ಗಿಂತ ಮೇಲಿನದು ಎಂದು 'ಹೈ ರೆಸಲ್ಯೂಷನ್' ಹಾಡುಗಳನ್ನು ಹೆಚ್ಚಿನ ಬೆಲೆಗೆ ಮಾರುವುದುಂಟು. ಸೆಕೆಂಡಿಗೆ 96,000 ಅಥವಾ 1,92,000 ಅಳತೆ, 24 ಬಿಟ್ ಇವುಗಳ ಹೆಗ್ಗಳಿಕೆ. ಧ್ವನಿಮುದ್ರಣ ಮಾಡುವಾಗ, ಹಲವು ದನಿಗಳನ್ನು ಬೆರೆಸುವಾಗ 24 ಬಿಟ್‌ನಿಂದ ನಿಜಕ್ಕೂ ಉಪಯೋಗವಿದೆ. ತಪ್ಪು ತಿದ್ದಲು ಅದು ಜಾಗ ಕೊಡುತ್ತದೆ. ಕೇಳುವಾಗ?

ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೈ ರೆಸಲ್ಯೂಷನ್ ಧ್ವನಿಯನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿ ಉತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿ ಉತ್ತರ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಇಂಥ 18 ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿದಾಗ ಸರಿ ಉತ್ತರ ಶೇ. 52.3 ಇತ್ತು, ತರಬೇತಿ ಪಡೆದವರಲ್ಲಿ ಇದಕ್ಕಿಂತ ಹೆಚ್ಚು. ಅಂದರೆ ವ್ಯತ್ಯಾಸ ಇದ್ದರೂ ಅದು ಬಹಳ ಸಣ್ಣದು. ಬಸ್ಸಿನಲ್ಲೋ ನಡುಮನೆಯಲ್ಲೋ ಕೇಳುವ ನಮಗೆ ಅದು ಹಣ ಕೊಟ್ಟು ಕೊಳ್ಳುವಷ್ಟು ದೊಡ್ಡದಲ್ಲ.

ಇನ್ನೊಂದು ವಿಷಯ. ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಕೇಳುವಾಗ ಫೋನು ಅದನ್ನು ಗಾಳಿಯಲ್ಲಿ ಕಳಿಸುವ ಮುನ್ನ ಮತ್ತೊಮ್ಮೆ ಕುಗ್ಗಿಸುತ್ತದೆ. ಎಸ್‌ಬಿಸಿ ಎಂಬ ಬಗೆ ಸ್ಟೀರಿಯೊ ಬ್ಲೂಟೂತ್ ಸಾಧನಗಳೆಲ್ಲದರಲ್ಲೂ ಇರಲೇಬೇಕು, ಅದೂ ನಷ್ಟವಾಗುವ ಬಗೆಯೇ. ಫೋನಿನಲ್ಲಿ ಫ್ಲಾಕ್ ಹಾಡಿದ್ದರೂ ಕಿವಿಗೆ ಬರುವುದು ಸಾಮಾನ್ಯವಾಗಿ ಕುಗ್ಗಿದ ರೂಪ. ಹೆಚ್ಚಿನ ಸಂದರ್ಭಗಳಲ್ಲಿ ಕಡತ ಬದಲಿಸುವುದಕ್ಕಿಂತ ಒಳ್ಳೆಯ ಇಯರ್‌ಫೋನಿನಿಂದ ಕಾಣುವ ವ್ಯತ್ಯಾಸ ದೊಡ್ಡದು.

ನಮ್ಮ ಕಿವಿಯನ್ನೇ ಕೇಳೋಣ

ಯಾವ ಬಿಟ್‌ರೇಟ್ ನಮಗೆ ಸಾಕು ಎಂಬುದಕ್ಕೆ ಬೇರೆಯವರ ಮಾತು ಬೇಡ, ಮನೆಯಲ್ಲೇ ಪರೀಕ್ಷಿಸಬಹುದು. ಸಿ.ಡಿ. ಅಥವಾ ನಂಬಬಹುದಾದ ಫ್ಲಾಕ್ ಕಡತದಿಂದ ಒಂದೇ ಹಾಡಿನ 128 ಮತ್ತು 320ರ ಪ್ರತಿಗಳನ್ನು ಮಾಡಿಕೊಳ್ಳಿ. ಮನೆಯವರೊಬ್ಬರು ನಾಣ್ಯ ಚಿಮ್ಮಿ ಎರಡರಲ್ಲೊಂದನ್ನು ಹಾಕಲಿ, ಯಾವುದೆಂದು ಹೇಳದಿರಲಿ. ಹತ್ತು ಸಲ ಊಹಿಸಿ ಬರೆದಿಡಿ. ಐದಾರು ಸರಿಯಾದರೆ ಅದು ಬರೀ ಅದೃಷ್ಟ. ಒಂಬತ್ತು ಅಥವಾ ಹತ್ತು ಸರಿಯಾದರೆ, ಅದು ಅದೃಷ್ಟದಿಂದ ಆಗುವ ಸಾಧ್ಯತೆ ನೂರಕ್ಕೆ ಸುಮಾರು ಒಂದು ಮಾತ್ರ. ನಿಮಗೆ ವ್ಯತ್ಯಾಸ ನಿಜಕ್ಕೂ ಕೇಳಿಸುತ್ತಿದೆ.

ಎರಡರ ದನಿಯ ಮಟ್ಟ ಒಂದೇ ಇರುವಂತೆ ನೋಡಿಕೊಳ್ಳಬೇಕು. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ನಮ್ಮ ಮನಸ್ಸು ಸುಲಭವಾಗಿ ಮೋಸಹೋಗುತ್ತದೆ. ಪರದೆಯ ಮೇಲೆ '320' ಎಂದು ಕಂಡಾಗ ಹಾಡು ಚೆನ್ನಾಗಿ ಕೇಳಿಸುವುದರಲ್ಲೂ ಆ ಸಂಖ್ಯೆಯ ಪಾಲಿರುತ್ತದೆ.

ಎಂಪಿ3 ಸತ್ತುಹೋಗಿದೆಯೇ?

2017ರಲ್ಲಿ ಹಲವು ಸುದ್ದಿತಾಣಗಳು 'ಎಂಪಿ3 ಸತ್ತಿತು' ಎಂದು ಬರೆದವು. ಆ ವರ್ಷ ಏಪ್ರಿಲ್ 23ರಂದು ಎಂಪಿ3ಯ ಪರವಾನಗಿ ಕಾರ್ಯಕ್ರಮ ಮುಕ್ತಾಯವಾದದ್ದು ನಿಜ. ಕಾರಣ, ಪೇಟೆಂಟ್‌ಗಳ ಅವಧಿ ಮುಗಿದಿತ್ತು. ಅಂದಿನಿಂದ ಯಾರು ಬೇಕಾದರೂ ಶುಲ್ಕ ಕೊಡದೆ ಎಂಪಿ3 ತಂತ್ರವನ್ನು ಬಳಸಬಹುದು. ಸತ್ತದ್ದು ಪರವಾನಗಿ, ಕಾರಿನ ಪ್ಲೇಯರಿನಿಂದ ಹಿಡಿದು ಹಳೆಯ ಫೋನಿನವರೆಗೆ ಎಲ್ಲೆಡೆ ನಡೆಯುವ ರೂಪ ಇಂದಿಗೂ ಎಂಪಿ3ಯೇ. ನಿಮ್ಮ ಹಾಡುಗಳನ್ನು ಹೆದರಿ ಬದಲಿಸಬೇಕಾಗಿಲ್ಲ.

ಡೌನ್‌ಲೋಡ್ ಮಾಡುವ ಮುನ್ನ

'ಡೌನ್‌ಲೋಡ್' ಎಂಬ ಒಂದೇ ಪದಕ್ಕೆ ಈಗ ಬೇರೆ ಬೇರೆ ಅರ್ಥಗಳಿವೆ. ಹಾಡಿನ ಆಪ್‌ಗಳಲ್ಲಿ ಡೌನ್‌ಲೋಡ್ ಒತ್ತಿದರೆ ಹಾಡು ಫೋನಿಗೆ ಬರುತ್ತದೆ, ಆದರೆ ಬೀಗ ಹಾಕಿಕೊಂಡು ಬರುತ್ತದೆ. ಚಂದಾ ನಿಲ್ಲಿಸಿದರೆ ಅದು ನುಡಿಯುವುದಿಲ್ಲ. ಹಣ ಕೊಟ್ಟು ಕಡತವನ್ನೇ ಕೊಳ್ಳುವುದು ಇನ್ನೊಂದು ಬಗೆ. ಆಪಲ್‌ನ ಐಟ್ಯೂನ್ಸ್ ಮಳಿಗೆ 2009ರಿಂದ ಬೀಗವಿಲ್ಲದ 256 ಕೆಬಿಪಿಎಸ್ ಎಎಸಿ ಹಾಡುಗಳನ್ನು ಮಾರುತ್ತಿದೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡ ಹಾಡನ್ನು ಫ್ಲಾಕ್ ರೂಪದಲ್ಲೂ ಇಳಿಸಿಕೊಳ್ಳಬಹುದು.

ಇವೆರಡನ್ನೂ ಬಿಟ್ಟು ಅನಾಮಿಕ ತಾಣಗಳಿಂದ ಇಳಿಸಿಕೊಳ್ಳುವುದರಲ್ಲಿ ಗುಣಮಟ್ಟದ ಮೋಸವಲ್ಲದೆ ಬೇರೆ ಅಪಾಯಗಳೂ ಇವೆ. ಹಾಡಿನ ಹೆಸರಿನಲ್ಲಿ '.ಎಪಿಕೆ' ಅಥವಾ '.ಇಎಕ್ಸ್‌ಇ' ಎಂದು ಕೊನೆಯಾಗುವ ಕಡತ ಬಂದರೆ ಅದು ಹಾಡಲ್ಲ, ಒಂದು ಆಪ್ ಅಥವಾ ಪ್ರೋಗ್ರಾಂ. ಅದನ್ನು ತೆರೆಯಬಾರದು. ಹಾಡು ಕೇಳಲು ಫೋನಿನ ಸಂದೇಶ ಓದುವ ಅನುಮತಿಯ ಅಗತ್ಯ ಯಾವ ಆಪ್‌ಗೂ ಇಲ್ಲ.

ಕಾನೂನಿನ ಮಾತೂ ಇದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ; ಅವು ಬರೆದವರ ಜೀವಿತಾವಧಿ ಮತ್ತು ನಂತರದ 60 ವರ್ಷ ಇರುತ್ತವೆ. 'ಹಳೆಯ ಹಾಡು, ಯಾರದ್ದೂ ಅಲ್ಲ' ಎಂಬ ಮಾತು ಹೆಚ್ಚಿನ ಚಿತ್ರಗೀತೆಗಳ ವಿಷಯದಲ್ಲಿ ಸರಿಯಲ್ಲ.

ಮನೆಯಲ್ಲಿರುವ ಕ್ಯಾಸೆಟ್ಟಿನ ಮಾತು

ಚಿತ್ರಗೀತೆ ಕೆಟ್ಟರೆ ಇನ್ನೊಂದು ಪ್ರತಿ ಸಿಗುತ್ತದೆ. ಅಜ್ಜಿಯ ದನಿ ಇರುವ ಕ್ಯಾಸೆಟ್ಟಿಗೆ ಇನ್ನೊಂದಿಲ್ಲ. ಇಷ್ಟು ಹೊತ್ತು ಹೇಳಿದ್ದೆಲ್ಲ ಹೆಚ್ಚು ಬೇಕಾಗುವುದು ಇಲ್ಲಿ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಸ್ಪೀಕರಿನ ಮುಂದೆ ಫೋನು ಹಿಡಿಯುವ ಬದಲು ಪ್ಲೇಯರಿನಿಂದ ಕಂಪ್ಯೂಟರಿನ ಲೈನ್ ಇನ್ ಕಿಂಡಿಗೆ ತಂತಿ ಜೋಡಿಸಬೇಕು. ದನಿಯ ಮಟ್ಟ ಕೆಂಪು ಗೆರೆ ಮುಟ್ಟದಿರಲಿ, ಒಮ್ಮೆ ಒಡೆದ ದನಿ ಪೂರ್ತಿ ಸರಿಹೋಗುವುದಿಲ್ಲ. ಮೊದಲ ಪ್ರತಿಯನ್ನು ವೇವ್ ಅಥವಾ ಫ್ಲಾಕ್ ರೂಪದಲ್ಲೇ ಉಳಿಸಿ, ಎರಡು ಬೇರೆ ಬೇರೆ ಕಡೆ ಇಡಬೇಕು. ಸಿ.ಡಿ. ಮಟ್ಟದ ವೇವ್ ಆದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ; ಇಂದಿನ ಪೆನ್‌ಡ್ರೈವ್‌ಗಳಿಗೆ ಅದು ಹೊರೆಯಲ್ಲ. ಸರಸರ ಸದ್ದು ತೆಗೆಯುವುದು, ದನಿ ಏರಿಸುವುದು ಇದ್ದರೆ ಆ ಪ್ರತಿಯ ನಕಲಿನ ಮೇಲೆ ಮಾಡಬೇಕು. ನಾಳೆ ಇನ್ನೂ ಒಳ್ಳೆಯ ಸಾಧನ ಬಂದರೆ ತಿದ್ದದ ಪ್ರತಿ ಕೈಯಲ್ಲಿರುತ್ತದೆ.

ನೆಂಟರಿಗೆ ಹಂಚಲು ಎಂಪಿ3 ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಪ್ರತಿ ಸಲವೂ ಮೊದಲ ಪ್ರತಿಯಿಂದಲೇ ಮಾಡಬೇಕು, ಹಿಂದೆ ಮಾಡಿದ ಎಂಪಿ3ಯಿಂದ ಅಲ್ಲ. ವಾಟ್ಸ್ಆಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಕಡತ ಇದ್ದ ಹಾಗೇ ಹೋಗುತ್ತದೆ. ವಿಡಿಯೊ ಮಾಡಿ ಕಳಿಸಿದರೆ ದಾರಿಯಲ್ಲಿ ಇನ್ನೊಮ್ಮೆ ಕುಗ್ಗುತ್ತದೆ.

ಉಳಿದ ಹಾಡುಗಳಿಗೆ ಇಷ್ಟು ಶ್ರಮ ಬೇಡ. ಸರಿಯಾದ ಮೂಲದಿಂದ ಬಂದ 256ರ ಎಎಸಿ ಅಥವಾ 320ರ ಎಂಪಿ3 ದಿನನಿತ್ಯ ಕೇಳಲು ಧಾರಾಳ ಸಾಕು. ಫೋನಿನಲ್ಲಿರುವ 128ರ ಹಾಡು ನಿಮಗೆ ಚೆನ್ನಾಗಿ ಕೇಳಿಸುತ್ತಿದ್ದರೆ ಹಾಗೇ ಇರಲಿ. ಸಾಲದು ಅನ್ನಿಸಿದರೆ ಒಳ್ಳೆಯ ಮೂಲದಿಂದ ಹೊಸದಾಗಿ ತರಬೇಕೇ ಹೊರತು ಇರುವುದನ್ನೇ ಏರಿಸಿ ಪ್ರಯೋಜನವಿಲ್ಲ.